ಸಿಂದಗಿಯ ಡಿಸ್ಕು ಮತ್ತು ನಾನು ಬರೆದ ರಿಪೋರ್ಟು

ಕಂಪ್ಯೂಟರ್ ರಿಪೇರಿ ಕೆಲಸಕ್ಕೆ ಹೊಸದಾಗಿ ಸೇರಿದವರು ಒಮ್ಮೊಮ್ಮೆ ನನ್ನ ಮನೆಗೆ ಬರುತ್ತಾರೆ. ನಿವೃತ್ತನಾದವನ ಹತ್ತಿರ ಯಾವುದೋ ಗುಟ್ಟು ಉಳಿದಿರುತ್ತದೆ ಎಂದು ಅವರ ಎಣಿಕೆ. ಚಹಾ ಬರುವ ತನಕವೂ ತಡೆಯದೆ ಕೇಳುತ್ತಾರೆ: ಸರ್, ಸಣ್ಣ ಡಿಸ್ಕಿನಲ್ಲಿದ್ದದ್ದನ್ನು ಇದ್ದ ಹಾಗೆಯೇ ದೊಡ್ಡ ಡಿಸ್ಕಿಗೆ ಇಳಿಸಲು ನಿಮ್ಮ ಕಾಲದಲ್ಲಿ ಯಾವ ಸಾಫ್ಟ್‌ವೇರ್ ಇತ್ತು? ನನಗೆ ಮೈ ಉರಿಯುತ್ತದೆ. ಇಳಿಸುವುದನ್ನು ಯಾರು ಬೇಕಾದರೂ ಮಾಡುತ್ತಾರೆ, ಆಗಲೂ ಮಾಡುತ್ತಿದ್ದರು. ಇಳಿಸಿದ ಮೇಲೆ ಆ ಹೊಸ ಡಿಸ್ಕಿನಿಂದ ಮಷೀನು ಏಳದೆ ಹೋದಾಗ ನೀವು ಏನು ಮಾಡಿದಿರಿ, ಯಾರ ತಲೆಗೆ ಕಟ್ಟಿದಿರಿ, ಅದನ್ನು ಕೇಳಬೇಕು. ಅದನ್ನು ಒಬ್ಬನೂ ಕೇಳುವುದಿಲ್ಲ. ಕೇಳದಿದ್ದರೂ ಬರೆಯುತ್ತೇನೆ, ಓದಿಕೊಳ್ಳಲಿ.

ನಾನು ವಿಜಾಪುರದ ಒಂದು ಸರ್ವಿಸ್ ಏಜೆನ್ಸಿಯಲ್ಲಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕು ನನ್ನ ಪಾಲಿಗೆ. ಜನ ನನ್ನನ್ನು ಇಂಜಿನಿಯರ್ ಸಾಹೇಬ್ರು ಎನ್ನುತ್ತಿದ್ದರು. ಐಟಿಐ ಮುಗಿಸಿ, ರೇಡಿಯೊ ಟಿವಿ ರಿಪೇರಿ ಕಲಿತು, ಆಮೇಲೆ ಆರು ತಿಂಗಳ ಹಾರ್ಡ್‌ವೇರ್ ಕೋರ್ಸ್ ಮಾಡಿದವನು ನಾನು. ಇಂಜಿನಿಯರ್ ಅಲ್ಲ ಎಂದು ನಾನೂ ಯಾರಿಗೂ ಹೇಳಲಿಲ್ಲ. ಹೆಗಲಿಗೆ ಒಂದು ಚೀಲ, ಅದರಲ್ಲಿ ಸ್ಕ್ರೂಡ್ರೈವರ್, ದೂಳು ಹೊಡೆಯಲು ಬ್ರಶ್ಶು, ಡಿಸ್ಕು ಏಳದಿದ್ದಾಗ ಮಷೀನು ಏಳಿಸುವ ಬೂಟ್ ಫ್ಲಾಪಿ, ಕಾರ್ಬನ್ ಇಟ್ಟು ಮೂರು ಪ್ರತಿ ಬರೆಯುವ ರಿಪೋರ್ಟ್ ಪುಸ್ತಕ. ಬಸ್ಸು ಇದ್ದಲ್ಲಿ ಬಸ್ಸು, ಇಲ್ಲದಲ್ಲಿ ಟೆಂಪೊ. ಮೊದಮೊದಲು ಮಷೀನಿನ ಮುಚ್ಚಳ ತೆಗೆದರೆ ಸಾಕು, ಸುತ್ತ ಜನ ಉಸಿರು ಹಿಡಿದು ನಿಲ್ಲುತ್ತಿದ್ದರು. ಅದು ತಲೆಗೆ ಏರುತ್ತದೆ. ನನಗೆ ಏರಿತ್ತು.

ಝಳಕಿಯಲ್ಲಿ ಹೆದ್ದಾರಿ ಪಕ್ಕ ಲಾರಿ ತೂಗುವ ಒಂದು ಕಾಟಾ ಇತ್ತು. ಅದರ ಕಂಪ್ಯೂಟರಿನ ಎಂಟು ಜಿಬಿ ಡಿಸ್ಕು ತುಂಬಿ ಹೋಗಿ, ನಲವತ್ತು ಜಿಬಿಯದು ಹಾಕಬೇಕಾಗಿತ್ತು. ಹಳೆಯದನ್ನು ವಿಜಾಪುರಕ್ಕೆ ತಂದು, ನಮ್ಮ ಆಫೀಸಿನ ಮಷೀನಿನಲ್ಲಿ ಹೊಸದಕ್ಕೆ ಇಳಿಸಿ, ಅಲ್ಲೇ ಏಳಿಸಿ ನೋಡಿ, ಹೆಮ್ಮೆಯಿಂದ ಝಳಕಿಗೆ ಹೋದೆ. ಅಲ್ಲಿ ಜೋಡಿಸಿ ಸ್ವಿಚ್ ಒತ್ತಿದರೆ ಮೊದಲ ಕರಿ ಪರದೆಯಲ್ಲೇ ನಿಂತಿತು. ಡಿಸ್ಕನ್ನು ಗುರುತಿಸುವ ಸಾಲಿನಿಂದ ಮುಂದಕ್ಕೆ ಹೋಗಲೊಲ್ಲದು. ಹೊರಗೆ ಕಬ್ಬಿನ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಆಫೀಸಿಗೆ ಫೋನ್ ಮಾಡಿದೆ. ಡಿಸ್ಕೇ ಕೆಟ್ಟಿರಬೇಕು, ಬೇರೆ ಒಯ್ಯಿ ಎಂದರು. ಬೇರೆ ಒಯ್ದೆ. ಅದೂ ಅಲ್ಲೇ ನಿಂತಿತು.

ಮೂರನೆಯ ದಿನ ಕಾಟಾದ ಮಾಲೀಕರು ನನ್ನ ಕೈಯಲ್ಲಿದ್ದ ಡಿಸ್ಕನ್ನು ಇಸಿದುಕೊಂಡು, ಕನ್ನಡಕ ಮೇಲೇರಿಸಿ ತಿರುವಿ ನೋಡಿದರು.

"ಸಾಹೇಬ್ರ, ಇದರ ಮ್ಯಾಲ ಏನೋ ಚಿತ್ರ ತಗದಾರಲ್ರಿ. ಹಳೇ ಮಷೀನಕ್ಕ ಹಾಕೂದಿದ್ರ ಈ ಕಡ್ಡಿ ಮ್ಯಾಲ ಟೋಪಿ ಹಾಕ್ರಿ ಅಂತ ಬರದಂಗ ಕಾಣತೈತಿ. ನೋಡೀರೇನ್ರಿ?"

ನೋಡಿರಲಿಲ್ಲ. ಮೂವತ್ತೆರಡು ಜಿಬಿಗಿಂತ ದೊಡ್ಡ ಡಿಸ್ಕು ಕಂಡರೆ ಹಳೆಯ ಬೋರ್ಡುಗಳು ನಿಂತು ಹೋಗುತ್ತವೆ ಎಂದೂ, ಅಂಥ ಕಡೆ ಡಿಸ್ಕಿನ ಹಿಂದಿನ ಎರಡು ಕಡ್ಡಿಗಳ ಮೇಲೆ ಒಂದು ಸಣ್ಣ ಪ್ಲಾಸ್ಟಿಕ್ ಟೋಪಿ ಸಿಕ್ಕಿಸಿದರೆ ಡಿಸ್ಕು ತನ್ನನ್ನು ತಾನು ಮೂವತ್ತೆರಡೇ ಎಂದು ಹೇಳಿಕೊಳ್ಳುತ್ತದೆ ಎಂದೂ ಅದರ ಚೀಟಿಯ ಮೇಲೇ ಅಚ್ಚಾಗಿತ್ತು. ಟೋಪಿ ಸಿಕ್ಕಿಸಿ, ಆಫೀಸಿಗೆ ಹೋಗಿ ಮತ್ತೊಮ್ಮೆ ಇಳಿಸಿ ತಂದು ಹಾಕಿದೆ. ಎದ್ದಿತು. ಲಾರಿ ತೂಗುವವರು ಓದಿದ್ದನ್ನು ನಾನು ಓದಿರಲಿಲ್ಲ. ಎದುರಿಗಿದ್ದವರು ಹೇಳಿದ್ದನ್ನು ಕೇಳಬೇಕು ಎಂಬ ಬುದ್ಧಿ ಅವತ್ತೇ ಬರಬೇಕಾಗಿತ್ತು, ಬರಲಿಲ್ಲ.

ಇಂಡಿಯಲ್ಲಿ ಲಿಂಬೆ ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ಇನ್ನೊಂದು. ಆಗ ಫೈಲುಗಳನ್ನು ಒಂದೊಂದಾಗಿ ನಕಲು ಮಾಡುವ ಹಳೆಯ ವಿಧಾನವೂ ಇತ್ತು. ಎಲ್ಲ ನಕಲಾಯಿತು, ಎಣಿಸಿ ನೋಡಿದೆ, ಒಂದೂ ಬಿಟ್ಟಿಲ್ಲ. ಆದರೂ ಕರಿ ಪರದೆಯಲ್ಲಿ ಒಂದು ಸಣ್ಣ ಗೆರೆ ಮಿಟುಕುತ್ತ ಕೂತಿತು. ಡಿಸ್ಕಿನ ಯಾವ ಭಾಗದಿಂದ ಏಳಬೇಕು ಎಂದು ಗುರುತು ಹಾಕುವುದನ್ನೇ ಮರೆತಿದ್ದೆ. ಎರಡು ನಿಮಿಷದ ಕೆಲಸ, ಅದಕ್ಕೆ ಒಂದು ಹಗಲು ಹೋಯಿತು. ಇಂಥವು ಎಷ್ಟೋ. ಇವುಗಳಿಗೆ ನನಗೆ ನಾಚಿಕೆಯಿಲ್ಲ, ಯಾಕೆಂದರೆ ಹಳೆಯ ಡಿಸ್ಕು ಆಗೆಲ್ಲ ನನ್ನ ಚೀಲದಲ್ಲೇ ಇರುತ್ತಿತ್ತು. ತಪ್ಪಿದರೆ ಹಿಂದಕ್ಕೆ ಹೋಗಲು ದಾರಿ ಇತ್ತು.

ಆ ದಾರಿಯನ್ನು ಮುಚ್ಚಿದವರು ನಮ್ಮ ಮ್ಯಾನೇಜರ್ ಸಾಹೇಬರು. ಅವರು ಒಂದು ಯೋಜನೆ ತಂದರು: ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯಿರಿ. ಹಳೆಯ ಡಿಸ್ಕು ಅದೇ ದಿನ ಸಂಜೆ ಅವರ ಮೇಜಿನ ಮೇಲೆ ಇರಬೇಕು. ಮರುದಿನ ಅದನ್ನು ಒರೆಸಿ, ಅಂದರೆ ಒಳಗಿದ್ದದ್ದೆಲ್ಲ ಅಳಿಸಿ, ಬೇರೆ ಊರಿನ ಯಾರದೋ ಮಷೀನಿಗೆ ಕಳಿಸುವುದು. ಹೊಸ ಡಿಸ್ಕು ಎಂಟು ದಿನ ಸರಿಯಾಗಿ ನಡೆಯುವ ತನಕವಾದರೂ ಹಳೆಯದನ್ನು ಇಟ್ಟುಕೊಳ್ಳೋಣ ಎಂದು ನಾನೊಮ್ಮೆ ಹೇಳಿದೆ. "ಎಂಟ ದಿನ ಯಾಕಪಾ, ನಿನ್ನ ಕೆಲಸದ ಮ್ಯಾಲ ನಿನಗ ಭರೋಸಾ ಇಲ್ಲೇನು?" ಎಂದರು. ಆ ಮಾತಿಗೆ ನಾನು ಸುಮ್ಮನಾದೆ. ಭರೋಸಾ ಇಲ್ಲ ಎಂದು ಅವತ್ತು ಹೇಳುವ ಧೈರ್ಯ ನನಗಿದ್ದರೆ ಮುಂದಿನದ್ದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಸಿಂದಗಿಯಲ್ಲಿ ಒಂದು ಶಿಕ್ಷಣ ಸಂಘ. ಹೆಸರು ಬೇಡ. ಹಳೆಯ ಹೈಸ್ಕೂಲು, ಅದರ ಮಗ್ಗುಲಿಗೆ ಕಾಲೇಜು. ಆ ಹೈಸ್ಕೂಲಿನಲ್ಲಿ ಕಲಿತವರಿಗೆ ಹುಟ್ಟಿದ ತಾರೀಖಿನ ದಾಖಲೆ ಬೇಕಾದರೆ ಹಳೆಯ ದಾಖಲಾತಿ ರಿಜಿಸ್ಟರ್ ತೆಗೆಯಬೇಕು. ಆ ರಿಜಿಸ್ಟರುಗಳು ಗೆದ್ದಲು ಹಿಡಿದು ಪುಡಿಯಾಗುತ್ತಿದ್ದವು. ಅದಕ್ಕೆ ಸಂಘದವರು ಸುಜಾತಾ ಹೊಸಮನಿ ಎಂಬ ಹುಡುಗಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಂಡರು. ಮೋರಟಗಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ಒಂದೊಂದು ಪುಟವನ್ನೂ ಸ್ಕ್ಯಾನ್ ಮಾಡುವುದು, ಅದನ್ನು ನೋಡಿಕೊಂಡು ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ತಾರೀಖು ಟೈಪು ಮಾಡುವುದು. ಎರಡು ವರ್ಷ ಅದೇ ಕೆಲಸ. ಮುಂದಿನ ತಿಂಗಳ ಸಭೆಯಲ್ಲಿ ಆಕೆಯನ್ನು ಕಾಯಂ ಮಾಡುವುದು ಎಂದು ಮಾತಾಗಿತ್ತು. ಮೋರಟಗಿಯ ಆ ಮನೆಯಲ್ಲಿ ತಿಂಗಳ ಸಂಬಳದ ಕೆಲಸ ಹಿಡಿದವರಲ್ಲಿ ಆಕೆಯೇ ಮೊದಲಿಗಳು. ಇದನ್ನು ಆಕೆಯೇ ನನಗೆ ಹೇಳಿದ್ದಳು, ನಾನು ಡಿಸ್ಕು ಬಿಚ್ಚುತ್ತಿದ್ದಾಗ, ನಗುನಗುತ್ತ.

ಸ್ಕ್ಯಾನ್ ಮಾಡಿದ ಪುಟಗಳಿಂದ ಡಿಸ್ಕು ತುಂಬಿತ್ತು. ಅದಕ್ಕೆ ನಾಲ್ಕು ಪಟ್ಟು ದೊಡ್ಡದಾದ ಹೊಸದನ್ನು ಒಯ್ದಿದ್ದೆ. ಮಧ್ಯಾಹ್ನದ ಹೊತ್ತಿಗೆ ಇಳಿಸಿ ಮುಗಿಯಿತು. ಇನ್ನು ಹಳೆಯದನ್ನು ಬಿಚ್ಚಬೇಕು ಎನ್ನುವಾಗ ಸಂಘದ ಅಧ್ಯಕ್ಷರಾದ ಗೌಡರು ಮೂವರು ನಿರ್ದೇಶಕರನ್ನು ಕರೆದುಕೊಂಡು ಬಂದು ಕುರ್ಚಿ ಹಾಕಿಸಿ ಕೂತರು.

"ನೀವು ಹಳೇದ ಒಯ್ಯಾವ್ರ ಅದೀರಿ. ಹೊಸಾದ್ರಾಗ ಎಲ್ಲಾ ಬಂದೈತೋ ಇಲ್ಲೋ ನಮಗ ಹೆಂಗ ತಿಳೀಬೇಕು? ಎರಡೂ ಒಂದ ಪರದಿ ಮ್ಯಾಲ ಬಾಜೂಕ ಬಾಜೂಕ ತೋರಸ್ರಿ. ನಾಕ ಮಂದಿ ನೋಡ್ತೇವಿ, ಆಮ್ಯಾಲ ಒಯ್ರಿ."

ನಮ್ಮ ಕಡೆ ಇದು ರೂಢಿ. ಎತ್ತು ಬದಲಿ ಮಾಡಿಕೊಂಡರೂ, ಬದುವಿನ ಕಲ್ಲು ಸರಿಸಿದರೂ ನಾಲ್ಕು ಮಂದಿ ಎದುರಿಗೆ ನಿಂತು ಹಳೆಯದನ್ನೂ ಹೊಸದನ್ನೂ ಕಣ್ಣಾರೆ ನೋಡಬೇಕು. ಇದರಲ್ಲಿ ತಪ್ಪೇನೂ ಇಲ್ಲ. ತಪ್ಪು ನನ್ನದು, ಡಿಸ್ಕು ಎತ್ತಲ್ಲ ಎಂದು ತಿಳಿಯದ್ದು. ನಾನೂ ಹುರುಪಿನಿಂದ ಎರಡೂ ಡಿಸ್ಕುಗಳನ್ನು ಒಳಗೇ ಜೋಡಿಸಿಟ್ಟು, ಹೊಸದರಿಂದ ಮಷೀನು ಏಳಿಸಿದೆ. ಪರದೆಯ ಮೇಲೆ ಎರಡೂ ಕಂಡವು. ಗೌಡರು ತಮ್ಮ ಅಣ್ಣನ ಹೆಸರಿನ ಪುಟ ತೆಗೆಸಿದರು. ಸುಜಾತಾ ಹಳೆಯದರಲ್ಲಿ ತೆರೆದು ತೋರಿಸಿದಳು, ಹೊಸದರಲ್ಲಿ ತೆರೆದು ತೋರಿಸಿದಳು. ಎಲ್ಲರೂ ತಲೆಯಾಡಿಸಿದರು.

ಮಷೀನು ಬಂದ್ ಮಾಡಿ ಹಳೆಯದನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಮುಚ್ಚಳಕ್ಕೆ ಸ್ಕ್ರೂ ಹಾಕುತ್ತಿದ್ದೆ, ಕರೆಂಟು ಹೋಯಿತು. ಯಾವಾಗ ಬರುತ್ತದೆಯೋ ಗೊತ್ತಿಲ್ಲ. ಬಸ್ಸಿನ ಹೊತ್ತಾಗಿತ್ತು, ಸಂಜೆಗೆ ಹಳೆಯ ಡಿಸ್ಕು ಸಾಹೇಬರ ಮೇಜಿನ ಮೇಲೆ ಇರಬೇಕು. ಹೊಸದೊಂದನ್ನೇ ಇಟ್ಟು ಮಷೀನು ಏಳುತ್ತದೆಯೇ ಎಂದು ನೋಡದೆ ನಾನು ಹೊರಟುಬಿಟ್ಟೆ.

ಮರುದಿನ ಮುಂಜಾನೆ ಸಿಂದಗಿಯಿಂದ ಫೋನು. ಮಷೀನು ಚಾಲೂ ಆಗುತ್ತದೆ, ಹೆಸರು, ಪಾಸ್‌ವರ್ಡ್ ಕೇಳುವ ನೀಲಿ ಪರದೆ ಬರುತ್ತದೆ, ಪಾಸ್‌ವರ್ಡ್ ಹೊಡೆದರೆ ಒಳಗೆ ಬಿಡುವುದಿಲ್ಲ, ತಿರುಗಿ ಅದೇ ಪರದೆಗೆ ಬರುತ್ತದೆ. ನಾನು ಅದರ ಮರುದಿನ ಹೋದೆ. ಹೇಳಿದ ಹಾಗೆಯೇ ಆಗುತ್ತಿತ್ತು. ಆಕೆ ನನ್ನ ಪಕ್ಕದಲ್ಲಿ ನಿಂತಿದ್ದಳು.

"ಸರ್, ನಾ ಏನೂ ಮುಟ್ಟಿಲ್ರಿ. ಚಾಲೂ ಮಾಡೀನಿ, ಪಾಸ್‌ವರ್ಡ್ ಹೊಡದೀನಿ, ಅಷ್ಟ."

ನನಗೆ ತಿಳಿದದ್ದೆಲ್ಲ ಮಾಡಿ ನೋಡಿದೆ. ಏಳುವ ಭಾಗಕ್ಕೆ ಗುರುತು ಇತ್ತು. ಬೋರ್ಡು ಡಿಸ್ಕನ್ನು ಗುರುತಿಸುತ್ತಿತ್ತು. ವಯರು ಬದಲಿಸಿದೆ. ತಾಸು ಹೊತ್ತಾದ ಮೇಲೆ ಆಕೆ ಮತ್ತೆ ಮೆಲ್ಲಗೆ ಹೇಳಿದಳು.

"ನೀಲಿ ಪರದಿ ಬರ್ತದಂದ್ರ ಒಳಗ ಎಲ್ಲಾ ಐತಂತ ಆತಲ್ರಿ ಸರ್. ಪ್ರಿನ್ಸಿಪಾಲರ ಖೋಲ್ಯಾಗ ಇನ್ನೊಂದ ಕಂಪ್ಯೂಟರ್ ಐತಿ. ಅವರು ನಾಳೆ ಬರ್ತಾರ, ಕೀಲಿ ಅವರ ಕಡೆ ಐತಿ. ಅದಕ್ಕ ಈ ಡಿಸ್ಕ ಹಚ್ಚಿ ನೋಡೂಣೇನ್ರಿ?"

ಇದಕ್ಕಿಂತ ಸರಿಯಾದ ಮಾತು ಇಲ್ಲ. ಇವತ್ತು ಯಾವ ಹೊಸಬನನ್ನು ಕೇಳಿದರೂ ಇದನ್ನೇ ಹೇಳುತ್ತಾನೆ. ನಾನು ಏನೆಂದೆ, ಇದ್ದ ಹಾಗೆ ಬರೆಯುತ್ತೇನೆ.

"ನೀ ಟೈಪ್ ಮಾಡೂದ ಕಲ್ತೀದಿ, ಅದನ್ನ ಮಾಡು. ಇದು ನನ್ನ ಕೆಲಸ."

ಆಕೆ ಸರಿದು ನಿಂತಳು. ನಾನು ಎದುರಿನ ಅಂಗಡಿಯಿಂದ ಆಫೀಸಿಗೆ ಫೋನ್ ಹಚ್ಚಿದೆ. ಹಳೆಯ ಡಿಸ್ಕು ಇದೆಯೇ ಎಂದು ಕೇಳಿದೆ.

"ಎಲ್ಲಿಂದ ತರ್ಲಿ ಹಳೇದು? ನಿನ್ನೆನ ಒರಸಿ ಕಳಸೇನಿ," ಎಂದರು ಮ್ಯಾನೇಜರ್ ಸಾಹೇಬರು. "ಒಂದ ಮಷೀನಕ್ಕ ಮೂರ ದಿನ ಮಾಡ್ತೀಯೇನು? ಫಾರ್ಮ್ಯಾಟ್ ಹೊಡಿ, ಹೊಸದಾಗಿ ವಿಂಡೋಸ್ ಹಾಕು, ನಾಕರ ಬಸ್ಸಿಗೆ ಬಾ. ರಿಪೋರ್ಟಿನ್ಯಾಗ ಆಪರೇಟರ್ ಸರಿಯಾಗಿ ಬಂದ್ ಮಾಡಿಲ್ಲ, ಅದಕ್ಕ ಕೆಟ್ಟೈತಿ ಅಂತ ಬರಿ. ಏಜೆನ್ಸಿ ಹೆಸರು ಎಲ್ಲೂ ಬರಬಾರದು ನೋಡು."

ತಿರುಗಿ ಬಂದು ಕೂತೆ. ಫಾರ್ಮ್ಯಾಟ್ ಮಾಡಿದರೆ ಇದ್ದದ್ದೆಲ್ಲ ಹೋಗುತ್ತದೆ, ಹೌದೋ ಅಲ್ಲವೋ ಎಂದು ಮಷೀನು ಕೇಳಿತು. ಮಷೀನು ಕೂಡ ಒಮ್ಮೆ ಕೇಳುತ್ತದೆ. ನಾನು ಹೌದು ಎಂದು ಒತ್ತಿದೆ. ಆಮೇಲೆ ರಿಪೋರ್ಟು ಇಂಗ್ಲಿಷಿನಲ್ಲಿ ಬರೆದೆ, ಆಪರೇಟರಿನ ನಿರ್ಲಕ್ಷ್ಯದಿಂದ ಮಾಹಿತಿ ನಷ್ಟ ಎಂದು, ಕೆಳಗೆ ನನ್ನ ಸಹಿ. ಗ್ರಾಹಕರ ಸಹಿಯ ಜಾಗಕ್ಕೆ ಸುಜಾತಾಳ ಮುಂದೆ ಹಿಡಿದೆ. ಆಕೆ ಓದಿದಳು. ಮುಖ ಎತ್ತಿ ನನ್ನನ್ನು ನೋಡಿದಳು.

"ಸರ್, ಇದು ಖರೆ ಅಲ್ಲಲ್ರಿ. ನಾ ಸಹಿ ಮಾಡಾಂಗಿಲ್ರಿ."

ಗೌಡರು ಸಹಿ ಮಾಡಿದರು. ಅವರು ಓದಲೂ ಇಲ್ಲ, ಏನಾಯಿತು ಎಂದು ಕೇಳಿದರು. ಆಪರೇಟರ್ ತಪ್ಪಿನಿಂದ ಹೋಯಿತು ಎಂದು ನಾನು ಬಾಯಿಬಿಟ್ಟು ಹೇಳಿದೆ, ಆಕೆಯ ಎದುರಿಗೇ. ಮುಂದಿನ ತಿಂಗಳ ಸಭೆಯಲ್ಲಿ ಆ ಜಾಗ ಗೌಡರ ತಂಗಿಯ ಮಗನಿಗೆ ಕಾಯಂ ಆಯಿತು. ಅವರಿಗೆ ಒಂದು ನೆಪ ಬೇಕಾಗಿತ್ತೋ ಏನೋ. ಇದ್ದರೂ ಆ ನೆಪವನ್ನು ಬರೆದು ಸಹಿ ಹಾಕಿ ಕೊಟ್ಟವನು ನಾನು.

ಸುಮಾರು ಒಂದು ವರ್ಷ ಕಳೆಯಿತು. ಮುದ್ದೇಬಿಹಾಳದಲ್ಲಿ ಒಬ್ಬ ಹಿರಿಯ ಡಾಕ್ಟರರ ದವಾಖಾನೆಯಲ್ಲಿ ಅದೇ ಕೆಲಸ ಮಾಡಿ ಬಂದಿದ್ದೆ. ಮರುದಿನ ಕರೆ ಬಂತು. ಹೋಗಿ ನೋಡಿದರೆ ಅದೇ ನೀಲಿ ಪರದೆ, ಪಾಸ್‌ವರ್ಡ್ ಹೊಡೆದರೆ ತಿರುಗಿ ಅದೇ ನೀಲಿ ಪರದೆ. ಫಾರ್ಮ್ಯಾಟ್ ಮಾಡಬೇಕಾಗುತ್ತದೆ ಎಂದೆ. ಡಾಕ್ಟರು ಸ್ಟೆತಾಸ್ಕೋಪು ಕೊರಳಿಂದ ತೆಗೆದು ಮೇಜಿನ ಮೇಲೆ ಇಟ್ಟರು.

"ಆ ಮಾತ ಇನ್ನೊಮ್ಮೆ ನಿನ್ನ ಬಾಯಾಗ ಬಂತಂದ್ರ ನಿನ್ನ ಚೀಲ ತಗೊಂಡ ರಸ್ತೇಕ ಒಗೀತೇನಿ. ಕಾಂಪೌಂಡರ್ ಕಡೆ ಒಂದ ಮಷೀನ್ ಐತಿ. ಇದನ್ನ ಬಿಚ್ಚಿ ಅದಕ್ಕ ಹಚ್ಚು. ನನ್ನ ಪೇಶಂಟರ ಹೆಸರು ಅದರಾಗ ಅದಾವೋ ಇಲ್ಲೋ ಹೇಳು. ಆಮ್ಯಾಲ ಮುಂದಿನ ಮಾತು."

ಮೋರಟಗಿಯ ಹುಡುಗಿ ರೀ ಹಚ್ಚಿ ಮರ್ಯಾದೆಯಿಂದ ಹೇಳಿದ್ದನ್ನೇ ಡಾಕ್ಟರು ಬೈದು ಹೇಳಿದರು. ಬೈದವರ ಮಾತು ಕೇಳಿದೆ. ಇದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಎನ್ನಿಸುತ್ತದೆ.

ಡಿಸ್ಕನ್ನು ಕಾಂಪೌಂಡರ್ ಮಷೀನಿಗೆ ಎರಡನೆಯದಾಗಿ ಹಚ್ಚಿದೆ. ಎಲ್ಲ ಇತ್ತು. ಒಂದೊಂದು ಪೇಶಂಟಿನ ಹೆಸರೂ ಇತ್ತು. ಡಿಸ್ಕಿಗೆ ಏನೂ ಆಗಿರಲಿಲ್ಲ. ಹಾಗಾದರೆ ಏಳುವುದಿಲ್ಲ ಯಾಕೆ? ಡಾಕ್ಟರು ಹೊರಗೆ ಕಳಿಸುವ ಹಾಗಿರಲಿಲ್ಲ, ಫೋನ್ ಮಾಡಲೂ ಬಿಡಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು, ಮೊದಲಿಂದ ಏನೇನು ಮಾಡಿದೆ ಎಂದು ಒಂದು ಔಷಧದ ಚೀಟಿಯ ಹಿಂದೆ ಬರೆಯುತ್ತ ಹೋದೆ. ಇಳಿಸಿದೆ. ಎರಡೂ ಡಿಸ್ಕು ಒಳಗಿರುವಾಗಲೇ ಏಳಿಸಿ ಡಾಕ್ಟರಿಗೆ ತೋರಿಸಿದೆ. ಬಂದ್ ಮಾಡಿದೆ. ಹಳೆಯದನ್ನು ಬಿಚ್ಚಿದೆ. ಎರಡನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಸಿಂದಗಿಯಲ್ಲೂ ಹೀಗೆಯೇ ತೋರಿಸಿದ್ದೆ.

ಆದದ್ದು ಇಷ್ಟು. ವಿಂಡೋಸು ಒಂದೊಂದು ಡಿಸ್ಕಿಗೂ ಒಂದೊಂದು ಇಂಗ್ಲಿಷ್ ಅಕ್ಷರ ಕೊಟ್ಟು ಗುರುತಿಟ್ಟುಕೊಳ್ಳುತ್ತದೆ, ತಾನಿರುವ ಡಿಸ್ಕು ಸಿ. ಹೊಸ ಡಿಸ್ಕಿನಲ್ಲಿದ್ದ ವಿಂಡೋಸು ಮೊದಲ ಸಲ ಕಣ್ಣು ಬಿಟ್ಟಾಗ ಪಕ್ಕದಲ್ಲೇ ಹಳೆಯ ಡಿಸ್ಕು ಕಂಡಿತು. ತಾನು ಇಷ್ಟು ವರ್ಷ ಇದ್ದ ಸಿ ಎಂಬ ಮನೆ ಅದೇ ಎಂದು ಗುರುತು ಹಿಡಿದು, ತನಗೆ ಬೇರೆ ಅಕ್ಷರ ಕೊಟ್ಟುಕೊಂಡು, ಅದನ್ನು ತನ್ನ ದಾಖಲೆಯಲ್ಲಿ ಬರೆದಿಟ್ಟುಕೊಂಡಿತು. ಹಳೆಯದು ಇರುವ ತನಕ ಎಲ್ಲ ಸರಿ. ಅದನ್ನು ಬಿಚ್ಚಿದ ಮೇಲೆ ಸಿ ಎಲ್ಲಿದೆ ಎಂದು ಹುಡುಕಿ, ಸಿಗದೆ, ಒಳಗೆ ಬಿಡದೆ ತಿರುಗಿ ಕಳಿಸುತ್ತಿತ್ತು. ನಾನು ಚೀಲದಿಂದ ಬೂಟ್ ಫ್ಲಾಪಿ ತೆಗೆದು ಒಂದೇ ಸಾಲಿನ ಆಜ್ಞೆ ಕೊಟ್ಟೆ. ಅದು ಡಿಸ್ಕಿನ ಮೇಲಿನ ಗುರುತಿನ ಸಂಖ್ಯೆಯನ್ನು ಅಳಿಸುತ್ತದೆ, ಒಳಗಿನ ಮಾಹಿತಿಯನ್ನು ಮುಟ್ಟುವುದಿಲ್ಲ. ಗುರುತು ಹೋದ ಮೇಲೆ ವಿಂಡೋಸು ಹೊಸದಾಗಿ ಲೆಕ್ಕ ಹಾಕಿ ತನ್ನನ್ನೇ ಸಿ ಎಂದುಕೊಳ್ಳಬೇಕು. ಸ್ವಿಚ್ ಒತ್ತಿದೆ. ಪಾಸ್‌ವರ್ಡ್ ಹೊಡೆದೆ. ಒಳಗೆ ಹೋಯಿತು. ಐದು ನಿಮಿಷ ಆಗಿರಲಿಕ್ಕಿಲ್ಲ.

ಡಾಕ್ಟರು ಚಹಾ ತರಿಸಿದರು. ಹೊಸಬರು ಬರೆದುಕೊಳ್ಳಿ: ಇಳಿಸಿದ ಮೇಲೆ ಮೊದಲ ಸಲ ಏಳಿಸುವಾಗ ಹೊಸದೊಂದೇ ಒಳಗಿರಬೇಕು, ಹಳೆಯದನ್ನು ಬಿಚ್ಚಿ ಜೋಪಾನ ಮಾಡಿರಬೇಕು. ಯಾರು ತೋರಿಸು ಎಂದರೂ ತೋರಿಸಬಾರದು. ನನ್ನ ಈ ಒಂದು ಸಾಲಿನ ಜ್ಞಾನಕ್ಕೆ ಒಬ್ಬ ಹುಡುಗಿಯ ಎರಡು ವರ್ಷದ ದುಡಿಮೆಯೂ ಕಾಯಂ ಕೆಲಸವೂ ಹೋಗಿದ್ದವು.

ವಿಜಾಪುರಕ್ಕೆ ಬಂದು, ಅನುಮಾನ ಉಳಿಯಬಾರದೆಂದು, ಆಫೀಸಿನಲ್ಲಿ ಎರಡು ಡಿಸ್ಕು ತೆಗೆದುಕೊಂಡು ಬೇಕೆಂದೇ ಅದೇ ತಪ್ಪು ಮಾಡಿದೆ. ಅದೇ ನೀಲಿ ಪರದೆ. ಮ್ಯಾನೇಜರ್ ಸಾಹೇಬರನ್ನು ಕರೆದು ತೋರಿಸಿದೆ. ಸಿಂದಗಿಗೆ ಒಂದು ಪತ್ರ ಬರೆಯಬೇಕು, ತಪ್ಪು ನಮ್ಮದು ಎಂದೆ.

"ಅಲ್ಲೋ, ಅದು ಮುಗದ ಹೋದ ಮಾತು. ಈಗ ಕೆದರಿ ಏನ್ ಮಾಡಾಂವ ನೀ? ಆ ಹುಡುಗಿ ಏನರ ಬಂದ ನಿನ್ನ ಕೇಳ್ಯಾಳೇನು?"

ಕೇಳಿಲ್ಲ ಎಂದೆ. ಹಾಗಾದರೆ ಸುಮ್ಮನಿರು ಎಂದು ಎದ್ದು ಹೋದರು. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಆದರೆ ಸುಮ್ಮನೆ ಇದ್ದವನು ನಾನು. ಸಿಂದಗಿಗೆ ವಾರಕ್ಕೊಮ್ಮೆ ಹೋಗುತ್ತಿದ್ದೆ. ಅಲ್ಲಿಂದ ಮೋರಟಗಿಗೆ ಬಸ್ಸುಗಳಿದ್ದವು. ನಾಲ್ಕು ತಿಂಗಳಲ್ಲಿ ಒಂದು ಬಸ್ಸನ್ನೂ ಹತ್ತಲಿಲ್ಲ. ಸಾಹೇಬರು ಬೇಡ ಎಂದಿದ್ದಾರೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಕೊನೆಗೆ ಆಕೆಯೇ ಬಂದಳು. ಸಿಂದಗಿ ಬಸ್ ನಿಲ್ದಾಣದಲ್ಲಿ ಮಧ್ಯಾಹ್ನ ಬಸ್ಸಿಗೆ ಕಾಯುತ್ತ ಕೂತಿದ್ದೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು ಹಿಡಿದು ಎದುರಿಗೆ ನಿಂತಳು. ನಾನು ಮಂಗಳವಾರ ಬರುತ್ತೇನೆ ಎಂದು ಯಾರನ್ನೋ ಕೇಳಿ ತಿಳಿದುಕೊಂಡು, ಎರಡು ಮಂಗಳವಾರ ಬಂದು ನೋಡಿ ಹೋಗಿದ್ದಳಂತೆ.

"ಸರ್, ನಾ ಸುಜಾತಾ. ಸಂಘದಾಗ ಇದ್ದೆ."

"ಕೂಡ್ರಿ," ಎಂದೆ. ಕೂಡಲಿಲ್ಲ.

"ಬಾಗೇವಾಡ್ಯಾಗ ಒಂದ ಸಾಲ್ಯಾಗ ಕಂಪ್ಯೂಟರ್ ನೋಡ್ಕೊಳ್ಳಾಕ ಮಂದಿ ಬೇಕಾಗ್ಯಾರ. ಪರೀಕ್ಷಾ ಬರದೀನಿ, ಪಾಸ್ ಆಗೀನಿ. ಹಿಂದಿನ ಕೆಲಸ ಯಾಕ ಬಿಟ್ಟೀರಿ, ಅಲ್ಲಿಂದ ಕಾಗದ ತರ್ರಿ ಅಂದ್ರು. ಸಂಘದವರು ನೀವ ಬರದ ರಿಪೋರ್ಟಿನ ಝರಾಕ್ಸ್ ಕೊಟ್ಟಾರ. ಇದನ್ನ ತೋರಿಸಿದ್ರ ನನ್ನ ಯಾರ ಕಂಪ್ಯೂಟರ್ ಮುಟ್ಟಾಕ ಬಿಡ್ತಾರ್ರಿ? ಸೋಮವಾರ ಹೋಗಬೇಕು. ಅವತ್ತ ನಾ ಏನ ತಪ್ಪ ಮಾಡೀನಿ, ಅದನ್ನರ ಹೇಳ್ರಿ."

ಫೈಲಿನಲ್ಲಿ ನನ್ನ ಅಕ್ಷರ, ನನ್ನ ಸಹಿ.

"ನೀವು ಏನೂ ತಪ್ಪ ಮಾಡಿಲ್ರಿ," ಎಂದೆ. ಆಮೇಲೆ ಎಲ್ಲ ಹೇಳಿದೆ. ಗೌಡರಿಗೆ ಎರಡೂ ಡಿಸ್ಕು ತೋರಿಸಿದ್ದು, ಅದರಿಂದ ಆದದ್ದು, ಮುದ್ದೇಬಿಹಾಳದಲ್ಲಿ ತಿಳಿದದ್ದು. ಆಕೆ ನಡುವೆ ಬಾಯಿ ಹಾಕದೆ ಕೇಳಿದಳು.

"ಅಂದ್ರ ನಾ ಟೈಪ್ ಮಾಡಿದ್ದು ಅವತ್ತ ಅದರಾಗ ಇತ್ತೇನ್ರಿ?"

"ಇತ್ರಿ."

"ಎಲ್ಲಾ?"

"ಎಲ್ಲಾ ಇತ್ತು."

ಆಕೆ ಆಗ ಕೂತಳು. ಎದುರಿಗೆ ಇಂಡಿಯ ಬಸ್ಸೊಂದು ಬಂತು, ಜನ ಹತ್ತಿದರು, ಹೋಯಿತು.

"ಇದು ನಿಮಗ ಯಾವಾಗ ತಿಳೀತ್ರಿ?"

"ನಾಕ ತಿಂಗಳಾತು."

"ನಾಕ ತಿಂಗಳು," ಎಂದಳು. ಅದರ ಮೇಲೆ ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯದೆ ಫೈಲಿನಿಂದ ಒಂದು ಬಿಳಿ ಹಾಳೆ ತೆಗೆದು ಕೊಟ್ಟಳು. "ಈಗ ಹೇಳಿದ್ದನ್ನ ಬರದ ಕೊಡ್ರಿ. ಕನ್ನಡದಾಗ ಬರೀರಿ."

ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಬರೆದೆ. ನನ್ನ ಕೈಗೆ ರೂಢಿಯಾದ ಭಾಷೆಯಲ್ಲೇ ಬಂತು: ಸದರಿ ಕಂಪ್ಯೂಟರಿನಲ್ಲಿ ಉಂಟಾದ ತಾಂತ್ರಿಕ ದೋಷದಿಂದ ಮಾಹಿತಿ ನಷ್ಟವಾಗಿದ್ದು, ಇದರಲ್ಲಿ ಆಪರೇಟರ್ ಅವರ ತಪ್ಪು ಇರುವುದಿಲ್ಲ. ಸಹಿ ಹಾಕಿ ಕೊಟ್ಟೆ. ದೊಡ್ಡ ಧೈರ್ಯ ಮಾಡಿದೆ ಎಂದುಕೊಂಡೆ. ಆಕೆ ಓದಿದಳು, ಹಾಳೆಯನ್ನು ನನಗೆ ವಾಪಸ್ಸು ಚಾಚಿದಳು.

"ತಾಂತ್ರಿಕ ದೋಷ ಅಂದ್ರ ಯಾರದ್ರಿ?"

ನಾನು ಬರೆದದ್ದನ್ನೇ ಮತ್ತೊಮ್ಮೆ ಓದಿದೆ.

"ಮಷೀನಕ್ಕ ಏನೂ ಆಗಿದ್ದಿಲ್ಲ ಅಂತ ಈಗ ನೀವ ಹೇಳಿದ್ರಿ. ಡಿಸ್ಕಿಗೂ ಏನೂ ಆಗಿದ್ದಿಲ್ಲ ಅಂದ್ರಿ. ಮತ್ತ ಮಷೀನಿನ ಮ್ಯಾಲ ಯಾಕ ಹಾಕ್ತೀರಿ? ನನ್ನ ಮ್ಯಾಲ ಹಾಕೂ ಮುಂದ ಆಪರೇಟರ್ ಅಂತ ಚೊಲೋತ್ನಾಗಿ ಬರದೀರಿ. ಅಳಿಸಿದವರು ಯಾರು, ಅದನ್ನ ಹಂಗ ಬರೀರಿ."

ಇನ್ನೊಂದು ಹಾಳೆ ಕೊಟ್ಟಳು. ನಾನು ಬರೆದೆ: ಡಿಸ್ಕಿನಲ್ಲಿ ಮಾಹಿತಿ ಪೂರ್ತಿ ಇತ್ತು. ಬೇರೆ ಕಂಪ್ಯೂಟರಿಗೆ ಹಚ್ಚಿ ನೋಡಿರಿ ಎಂದು ಸುಜಾತಾ ಹೊಸಮನಿಯವರು ಹೇಳಿದರು. ನಾನು ಕೇಳಲಿಲ್ಲ. ನಾನೇ ಅಳಿಸಿದೆ. ಆಮೇಲೆ ಅವರ ಮೇಲೆ ಸುಳ್ಳು ರಿಪೋರ್ಟು ಬರೆದೆ. ಕೆಳಗೆ ಸಹಿ, ತಾರೀಖು. ಆಕೆ ಓದಿ, ಪೂರ್ತಿ ಹೆಸರು ಹಾಕಿರಿ ಎಂದಳು, ಹಾಕಿದೆ. ಆಫೀಸಿನ ಫೋನ್ ನಂಬರು ಬರೆಯಿರಿ, ಬೇಕಾದರೆ ಅವರು ಕೇಳಲಿ ಎಂದಳು, ಬರೆದೆ. ಮೊದಲ ಹಾಳೆಯನ್ನು ನನ್ನ ಕೈಯಲ್ಲೇ ಬಿಟ್ಟು, ಎರಡನೆಯದನ್ನು ಫೈಲಿನಲ್ಲಿ ಇಟ್ಟುಕೊಂಡು ಎದ್ದಳು. "ತಪ್ಪಾತ್ರಿ," ಎಂದೆ.

"ಬರ್ತೇನ್ರಿ," ಎಂದು ಮೋರಟಗಿಯ ಬಸ್ಸಿನ ಕಡೆ ಹೋದಳು. ಉಪಕಾರವಾಯಿತು ಎನ್ನಲಿಲ್ಲ, ನಾನು ತಪ್ಪಾಯಿತು ಎಂದದ್ದಕ್ಕೆ ಇರಲಿ ಬಿಡಿ ಎಂದೂ ಅನ್ನಲಿಲ್ಲ.

ಶಾಲೆಯವರು ಆಫೀಸಿಗೆ ಫೋನ್ ಮಾಡಿಯೇ ಮಾಡಿದರು. ಮ್ಯಾನೇಜರ್ ಸಾಹೇಬರು ಎಲ್ಲರ ಎದುರಿಗೆ ನನ್ನ ಮೇಲೆ ಕೂಗಾಡಿದರು, ಆರು ತಿಂಗಳು ನನ್ನನ್ನು ಪ್ರಿಂಟರ್ ಒರೆಸಲು ಒಳಗೆ ಕೂಡಿಸಿದರು. ಒರೆಸಿದೆ.

ಆ ಕೆಲಸ ಸುಜಾತಾಗೆ ಸಿಕ್ಕಿತು. ಬಸವನ ಬಾಗೇವಾಡಿಯ ಆ ಶಾಲೆಯ ಕಂಪ್ಯೂಟರುಗಳೆಲ್ಲ ಆಕೆಯ ಕೈಯಲ್ಲಿದ್ದವು, ರಿಪೇರಿಗೆ ಯಾರನ್ನು ಕರೆಯಬೇಕು ಎನ್ನುವುದೂ ಆಕೆಯ ಕೈಯಲ್ಲೇ ಇತ್ತು. ಅದು ನನ್ನ ತಾಲೂಕು. ವಾರಕ್ಕೊಮ್ಮೆಯಾದರೂ ಚೀಲ ಹಾಕಿಕೊಂಡು ಆ ಶಾಲೆಯ ಗೇಟಿನ ಮುಂದೆ ಹಾದು ಹೋಗುತ್ತಿದ್ದೆ. ನಾನು ನಿವೃತ್ತನಾಗುವ ತನಕ, ಅಲ್ಲಿ ಮಷೀನು ಕೆಟ್ಟಾಗಲೆಲ್ಲ ಆಕೆ ಬಾಗಲಕೋಟೆಯಿಂದ ಮಂದಿ ಕರೆಸಿದಳು. ನನ್ನನ್ನು ಒಮ್ಮೆಯೂ ಕರೆಯಲಿಲ್ಲ.